ಚೆಸಪೆಕ್ಟೆನ್ ಜೆಫರ್ಸೋನಿಯಸ್: ಏಣುಗಳ ಎಣಿಕೆ ಮತ್ತು ಬಲಗಿವಿಯ ಕಚ್ಚು

ಅಮೆರಿಕದ ವರ್ಜೀನಿಯ ರಾಜ್ಯದ ಯಾರ್ಕ್‌ಟೌನ್ ಶಿಲಾಸ್ತರಗಳಲ್ಲಿ, 40ರಿಂದ 50 ಲಕ್ಷ ವರ್ಷಗಳಷ್ಟು ಹಿಂದಿನ ಮರಳಿನ ಪದರಗಳಲ್ಲಿ, ಚೆಸಪೆಕ್ಟೆನ್ ಜೆಫರ್ಸೋನಿಯಸ್ ಎಂಬ ಸ್ಕಾಲಪ್ ಪ್ರಭೇದದ ದೊಡ್ಡ ಬೀಸಣಿಗೆಯಾಕಾರದ ಚಿಪ್ಪುಗಳು ಹೇರಳವಾಗಿ ಸಿಗುತ್ತವೆ. 1824ರಲ್ಲಿ ಜೀವಿವಿಜ್ಞಾನಿ ಥಾಮಸ್ ಸೇ ಈ ಪ್ರಭೇದವನ್ನು ವರ್ಣಿಸಿ, ಆಗಿನ್ನೂ ಬದುಕಿದ್ದ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ನರ ಹೆಸರಿಟ್ಟರು. ಆಗ ಇದು ಪೆಕ್ಟೆನ್ ಕುಲದಲ್ಲಿತ್ತು. ಚೆಸಪೀಕ್ ಕೊಲ್ಲಿಯನ್ನು ನೆನಪಿಸುವ ಚೆಸಪೆಕ್ಟೆನ್ ಎಂಬ ಕುಲವನ್ನು ವಾರ್ಡ್ ಮತ್ತು ಬ್ಲ್ಯಾಕ್‌ವೆಲ್ಡರ್ ಸ್ಥಾಪಿಸಿದ್ದು 1975ರಲ್ಲಿ. 1993ರಿಂದ ಇದು ವರ್ಜೀನಿಯದ ರಾಜ್ಯ ಜೀವಾಶ್ಮ.

ಪ್ರಭೇದವನ್ನು ಗುರುತಿಸುವವರು ಮೊದಲು ನೋಡುವುದು ಚಿಪ್ಪಿನ ಮೇಲೆ ಎದ್ದ ಏಣುಗಳನ್ನು. ಇಲ್ಲಿ ಅವು 9ರಿಂದ 12. ಇನ್ನೊಬ್ಬ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ನರ ಹೆಸರು ಹೊತ್ತ, ಅದೇ ಕುಲದ ಮ್ಯಾಡಿಸೋನಿಯಸ್ ಪ್ರಭೇದದಲ್ಲಿ ಏಣುಗಳು ಇದಕ್ಕಿಂತ ಹೆಚ್ಚು, ಹಾಗಾಗಿ ಒಂದೊಂದೂ ಕಿರಿದು. ಜೆಫರ್ಸೋನಿಯಸ್‌ನ ಏಣು ಅಗಲವಾಗಿ, ದಪ್ಪವಾಗಿ ಎದ್ದು ನಿಲ್ಲುತ್ತದೆ. ಬೆರಳಾಡಿಸಿದರೆ ಏಣಿನ ಮೇಲೂ ನಡುವಿನ ತಗ್ಗಿನಲ್ಲೂ ಉದ್ದಕ್ಕೆ ಹರಿದ ಸಣ್ಣ ಎಳೆಗೆರೆಗಳು ಅರದಂತೆ ತರಿತರಿ ಎನ್ನುತ್ತವೆ. ಉಜ್ಜಿ ಸವೆದ ಚಿಪ್ಪಿನಲ್ಲಿ ಮೊದಲು ಅಳಿಸಿಹೋಗುವುದು ಈ ತರಿಯೇ. ಎಣಿಕೆಯಲ್ಲೂ ಒಂದು ತೊಡಕಿದೆ. ಬಿಜಾಗರಿಯ ಎರಡು ಬದಿಗೆ ಚಾಚಿದ ಕಿವಿಗಳ ಕೆಳಗೆ, ಎರಡು ಅಂಚುಗಳ ಬಳಿ, ಏಣುಗಳು ಸೊರಗುತ್ತಾ ಹೋಗುತ್ತವೆ. ಕೊನೆಯದನ್ನು ಸೇರಿಸಬೇಕೇ ಬಿಡಬೇಕೇ ಎಂಬುದು ಎಣಿಸುವವರ ಕಣ್ಣಿಗೆ ಬಿಟ್ಟ ವಿಷಯವಾಗುತ್ತದೆ. ಎಣಿಕೆ ಕೊಡುವಾಗ ಅಂಚಿನ ಮಸುಕು ಏಣುಗಳನ್ನು ಸೇರಿಸಿದೆಯೋ ಇಲ್ಲವೋ ಎಂದು ಬರೆಯದಿದ್ದರೆ ಆ ಸಂಖ್ಯೆಯನ್ನು ಇನ್ನೊಂದರೊಡನೆ ಹೋಲಿಸಲಾಗದು.

ನನ್ನ ಮಟ್ಟಿಗೆ ಏಣುಗಳಿಗಿಂತ ಹೆಚ್ಚು ಹೇಳುವುದು ಬಲ ಕವಾಟದ, ಅಂದರೆ ಜೋಡಿ ಚಿಪ್ಪಿನ ಬಲಭಾಗದ, ಮುಂಗಿವಿ. ಬಿಜಾಗರಿ ಮೇಲಿರುವಂತೆ, ಹೊರಮೈ ನಮ್ಮ ಕಡೆಗಿರುವಂತೆ ಬಲ ಕವಾಟವನ್ನು ಹಿಡಿದರೆ ಈ ಕಿವಿ ನಮ್ಮ ಬಲಗಡೆಗೆ ಬರುತ್ತದೆ. ಅದರ ಬುಡದಲ್ಲಿ ಒಂದು ಕಚ್ಚು. ಪ್ರಾಣಿ ಬೈಸಸ್ ನೂಲನ್ನು ಹೊರಚಾಚಿ ನೆಲಕ್ಕೆ ಅಂಟಿಕೊಳ್ಳುತ್ತಿದ್ದ ದಾರಿ ಅದು. ನಮ್ಮ ಕರಾವಳಿಯಲ್ಲಿ ಬಂಡೆಯಿಂದ ನೀಲಿಕಲ್ಲು ಎಂಬ ಚಿಪ್ಪುಜೀವಿಯನ್ನು ಕೀಳುವಾಗ ಕೈಗೆ ಸಿಗುವ ನಾರಿನ ಗೊಂಚಲೂ ಬೈಸಸ್ಸೇ. ಕಚ್ಚಿನ ಕೆಳ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಸಣ್ಣ ಸಾಲು ಇರುತ್ತದೆ. ಕ್ಟೆನೋಲಿಯಂ ಎಂಬ ಈ ಸಾಲು ನೂಲಿನ ಎಳೆಗಳು ಸಿಕ್ಕಾಗದಂತೆ ಬಿಡಿಬಿಡಿಯಾಗಿ ಹಿಡಿಯುತ್ತದೆ. ಸ್ಕಾಲಪ್ ಕುಟುಂಬದ ಗುರುತೇ ಅದು.

ಚೆಸಪೆಕ್ಟೆನ್ ವಂಶದ ಹಳೆಯ, ಮಯೊಸೀನ್ ಯುಗದ ಪ್ರಭೇದಗಳಲ್ಲಿ ಈ ಕಚ್ಚು ಆಳ. ಮೇಲಿನ ಸ್ತರಗಳಿಗೆ ಬಂದಂತೆ ಅದರ ಆಳ ಕಡಿಮೆಯಾಗುತ್ತಾ ಬರುತ್ತದೆ. ಬೆಳೆದ ಜೆಫರ್ಸೋನಿಯಸ್‌ನಲ್ಲಿ ಆಳ ಕಚ್ಚು ಕಾಣದು. ಎಳವೆಯಲ್ಲಿ ಅಂಟಿಕೊಂಡಿದ್ದು, ಬೆಳೆದ ಮೇಲೆ ನೂಲು ಬಿಟ್ಟು ಸ್ವಂತ ಭಾರದಿಂದಲೇ ತಳದಲ್ಲಿ ಕೂತಿದ್ದ ಜೀವಿ ಇದು ಎಂದು ಇದರಿಂದ ಊಹಿಸಬಹುದು. ಬೆಳೆದ ಚಿಪ್ಪು 10 ಸೆಂಟಿಮೀಟರ್ ಮೀರುವುದು ಸಾಮಾನ್ಯ, ತೂಕವೂ ಹೆಚ್ಚು. ಆದರೆ ಕಚ್ಚಿನ ಆಳವನ್ನು ಒಂದೇ ಗಾತ್ರದ ಚಿಪ್ಪುಗಳ ನಡುವೆ ಅಳೆಯಬೇಕು. ಮರಿಯ ಕಚ್ಚನ್ನು ದೊಡ್ಡದರ ಕಚ್ಚಿನೊಡನೆ ಇಟ್ಟು ನೋಡಿದರೆ ವಯಸ್ಸಿನ ಬದಲಾವಣೆಯನ್ನೇ ವಂಶದ ಬದಲಾವಣೆ ಎಂದು ಓದಿಬಿಡುತ್ತೇವೆ.

ಒಳಮೈಯಲ್ಲಿ ಬಿಜಾಗರಿಯ ನಡುವೆ ಮುಕ್ಕೋನದ ಗುಳಿ, ರಬ್ಬರಿನಂತೆ ಪುಟಿಯುವ ಅಸ್ಥಿರಜ್ಜು ಕೂತಿದ್ದ ಜಾಗ. ಅದರ ಕೆಳಗೆ ಒಂದೇ ಒಂದು ದೊಡ್ಡ ಸ್ನಾಯುವಿನ ಗುರುತು. ಚಿಪ್ಪು ಹೆಚ್ಚಾಗಿ ಕ್ಯಾಲ್ಸೈಟ್‌ನದಾದ್ದರಿಂದ, ಅರಾಗೊನೈಟ್ ಚಿಪ್ಪುಗಳು ಕರಗಿಹೋದ ಮರಳಿನಲ್ಲೂ ಇದು ಉಳಿಯುತ್ತದೆ. ಹಲವು ಚಿಪ್ಪುಗಳಿಗೆ ಬಾರ್ನಕಲ್‌ಗಳು ಅಂಟಿರುತ್ತವೆ. ಅವು ಒಳಮೈಯಲ್ಲಿದ್ದರೆ, ಪ್ರಾಣಿ ಸತ್ತ ಮೇಲೂ ಕವಾಟ ತೆರೆದುಕೊಂಡು ಕಡಲತಳದಲ್ಲಿ ಬಿದ್ದಿತ್ತು ಎಂದು ಖಚಿತವಾಗಿ ಹೇಳಬಹುದು. ಅವು ಹೊರಮೈಯಲ್ಲಷ್ಟೇ ಇದ್ದರೆ ಪ್ರಾಣಿ ಬದುಕಿದ್ದಾಗ ಅಂಟಿದ್ದೂ ಸತ್ತ ಮೇಲೆ ಅಂಟಿದ್ದೂ ಎರಡೂ ಸಾಧ್ಯ.

ಅಲೆಗೆ ಉರುಳುವಾಗ ಮೊದಲು ಮುರಿಯುವುದು ಕಿವಿಗಳೇ. ಕಿವಿಯೂ ಇಲ್ಲದ, ಅಂಚೂ ಮುರಿದ ತುಂಡಿಗೆ ಪ್ರಭೇದದ ಹೆಸರು ಕೊಡದೆ ‘ಚೆಸಪೆಕ್ಟೆನ್ ಕುಲ’ ಎಂದಷ್ಟೇ ಚೀಟಿ ಬರೆದಿಡುವುದು ಸರಿ.