ರಕ್ತದಾನದ ಕರೆ: ಯಾವ ವಯಸ್ಸಿನವರಿಗೆ ಯಾವ ಜಾಲತಾಣದಲ್ಲಿ?

ಹಣ ಪಡೆದು ರಕ್ತ ಕೊಡುವ ಪದ್ಧತಿ ಭಾರತದಲ್ಲಿ 1998ರ ಜನವರಿ 1ರಿಂದ ನಿಷಿದ್ಧ. ಸುಪ್ರೀಂ ಕೋರ್ಟ್ 1996ರಲ್ಲಿ ನೀಡಿದ ತೀರ್ಪಿನ ಫಲ ಅದು. ಅಂದಿನಿಂದ ರಕ್ತನಿಧಿಗಳು ನೆಚ್ಚಿಕೊಂಡಿರುವುದು ಸ್ವಯಂಪ್ರೇರಿತ ದಾನಿಗಳನ್ನು ಮತ್ತು ರೋಗಿಗಳ ಬಂಧುಮಿತ್ರರನ್ನು. ದಾನಿಗಳನ್ನು ಕಲೆಹಾಕುವ ಕೆಲಸ ರೆಡ್ ಕ್ರಾಸ್, ರೋಟರಿ, ಲಯನ್ಸ್‌ನಂಥ ಸಂಸ್ಥೆಗಳಿಂದ ಹಿಡಿದು ಊರಿನ ಯುವಕ ಸಂಘಗಳವರೆಗೆ ಹರಡಿಕೊಂಡಿದೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಆದರೆ ಒಂದೇ ಪೋಸ್ಟರನ್ನು ಎಲ್ಲ ಕಡೆ ಹಾಕಿ ಕೈತೊಳೆದುಕೊಂಡರೆ ಅದು ಯಾರನ್ನೂ ಸರಿಯಾಗಿ ತಲುಪುವುದಿಲ್ಲ.

ಯಾರು ಕೊಡಬಹುದು

18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕೆ.ಜಿ. ತೂಕವಿರುವ, ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆಯಿಲ್ಲದ ಆರೋಗ್ಯವಂತರು ರಕ್ತ ಕೊಡಬಹುದು. ಮೊದಲ ಸಲ ಕೊಡುವವರಿಗೆ 60 ದಾಟಿರಬಾರದು. ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ಎಪ್ಪತ್ತರ ಅಜ್ಜ ರಕ್ತ ಕೊಡುವಂತಿಲ್ಲ ಎಂದು ಅವರನ್ನು ಪಟ್ಟಿಯಿಂದ ಕೈಬಿಡುವ ಸಂಘಟನೆಗಳೇ ಹೆಚ್ಚು. ಅದು ತಪ್ಪು. ಮೊಮ್ಮಗ ಶಿಬಿರಕ್ಕೆ ಹೋಗಬೇಕೋ ಬೇಡವೋ ಎಂಬುದು ಎಷ್ಟೋ ಮನೆಗಳಲ್ಲಿ ಅವರ ಮಾತಿನ ಮೇಲೆಯೇ ನಿಂತಿರುತ್ತದೆ.

ಕಾಲೇಜಿನವರು

2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಮರುತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಹುಡುಗ ಹುಡುಗಿಯರು ಅತ್ತ ಹೊರಳಿದರು. ಸಂಸ್ಥೆಯ ಲಾಂಛನ ಹೊತ್ತ ಪೋಸ್ಟರಿಗಿಂತ, ರಕ್ತ ಕೊಟ್ಟು ಮೊಣಕೈ ಮಡಚಿ ಹತ್ತಿ ಒತ್ತಿಕೊಂಡು ಕೂತ ಸಹಪಾಠಿಯ ಫೋಟೊ ಅವರನ್ನು ಬೇಗ ಮುಟ್ಟುತ್ತದೆ. ಹಾಗಾಗಿ ಆ ಫೋಟೊವನ್ನು ದಾನಿಯೇ ತನ್ನ ಖಾತೆಯಲ್ಲಿ ಹಾಕುವಂತೆ ಕೇಳಿಕೊಳ್ಳುವುದು ಒಳ್ಳೆಯದು.

ಒಂದು ಸಲದ ಉತ್ಸಾಹ ಮಾತ್ರ ಸಾಲದು. ಪ್ಲೇಟ್‌ಲೆಟ್ ಐದೇ ದಿನ ಬಾಳುತ್ತದೆ. ಥಲಸ್ಸೀಮಿಯ ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಪರೀಕ್ಷೆ, ರಜೆ ಎಂದು ಕಾಲೇಜು ಶಿಬಿರಗಳು ನಿಂತಾಗ ರಕ್ತನಿಧಿಗಳು ಬರಿದಾಗುತ್ತವೆ. ಕಳೆದ ಸಲ ಕೊಟ್ಟವರಿಗೆ ಅವಧಿ ಮುಗಿದ ದಿನ ಹೆಸರು ಹಿಡಿದು ಒಂದು ಸಂದೇಶ ಕಳಿಸುವುದು ನೂರು ರೀಲ್‌ಗಿಂತ ಮೇಲು.

ನಡುವಯಸ್ಸಿನವರು

ಕಚೇರಿ, ಅಪಾರ್ಟ್‌ಮೆಂಟ್ ಸಂಘ, ಹಳೆ ವಿದ್ಯಾರ್ಥಿ ಬಳಗಗಳಲ್ಲಿ ಶಿಬಿರ ಏರ್ಪಡಿಸುವ ಶಕ್ತಿ ಇರುವುದು ಇವರಿಗೆ. ಫೇಸ್‌ಬುಕ್ 2017ರ ಅಕ್ಟೋಬರ್ 1ರಂದು, ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನದಂದೇ, ದಾನಿಗಳ ನೋಂದಣಿ ಸೌಲಭ್ಯವನ್ನು ಭಾರತದಲ್ಲಿ ಆರಂಭಿಸಿದ್ದು ಇಂಥ ಬಳಕೆದಾರರಿಗೂ ನೆರವಾಗುವಂಥದ್ದೇ. ಇವರು ಲೆಕ್ಕ ಕೇಳುತ್ತಾರೆ: ಕಳೆದ ಶಿಬಿರದಲ್ಲಿ ಎಷ್ಟು ಯೂನಿಟ್ ಬಂತು, ಯಾವ ರಕ್ತನಿಧಿಗೆ ಹೋಯಿತು? ಅದನ್ನು ಮುಚ್ಚುಮರೆಯಿಲ್ಲದೆ ಹಾಕಬೇಕು.

ಮನೆಯ ಹಿರಿಯರು

ಇವರ ಲೋಕ ವಾಟ್ಸ್‌ಆ್ಯಪ್ ಮತ್ತು ಯೂಟ್ಯೂಬ್. ಉದ್ದದ ಬರಹಕ್ಕಿಂತ ಪರಿಚಿತ ವೈದ್ಯರೊಬ್ಬರು ಕನ್ನಡದಲ್ಲಿ ನಿಧಾನವಾಗಿ ಮಾತಾಡಿದ ಎರಡು ನಿಮಿಷದ ಧ್ವನಿ ಸಂದೇಶ ಸಾಕು. “ರಕ್ತ ಕೊಟ್ಟು ಸೊರಗಬೇಡ ಮಗಾ” ಎಂಬ ಆತಂಕ ನಿಜವಾದದ್ದು, ಅದನ್ನು ಮೂಢನಂಬಿಕೆ ಎಂದು ಹಳಿಯುವುದರಿಂದ ಪ್ರಯೋಜನವಿಲ್ಲ. ಸುಮಾರು ಐದು ಲೀಟರಿನಲ್ಲಿ ತೆಗೆಯುವುದು 350 ಅಥವಾ 450 ಮಿ.ಲೀ.; ದ್ರವಾಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ರಕ್ತಕಣಗಳಿಗೆ ಕೆಲವು ವಾರ ಬೇಕು, ಅದಕ್ಕೇ ಅಷ್ಟು ದಿನ ಬಿಡುವು. ಹೀಗೆ ಬಿಡಿಸಿ ಹೇಳಿದರೆ ಒಪ್ಪುತ್ತಾರೆ.

ಅವಧಿ ಮೀರಿದ ಸಂದೇಶಗಳು

“ತುರ್ತು! ಬಿ ನೆಗೆಟಿವ್ ರಕ್ತ ಬೇಕಾಗಿದೆ, ಎಲ್ಲರಿಗೂ ಶೇರ್ ಮಾಡಿ.” ದಿನಾಂಕವಿಲ್ಲ, ಊರಿಲ್ಲ. ರೋಗಿ ಗುಣವಾಗಿ ಮನೆಗೆ ಹೋಗಿ ವರ್ಷವಾದರೂ ಇಂಥದ್ದು ಕುಟುಂಬದ ಗ್ರೂಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಕಳಿಸುವ ಹಿರಿಯರ ಮನಸ್ಸು ಒಳ್ಳೆಯದೇ, ಕೊರತೆ ಬರೆದವರದು. ಹೀಗೆ ಬರೆಯಬಹುದು: “ಬಿ ನೆಗೆಟಿವ್, 2 ಯೂನಿಟ್. ಹಾಸನ, ಇಂಥ ಆಸ್ಪತ್ರೆಯ ರಕ್ತನಿಧಿ. ಜುಲೈ 14ರ ಸಂಜೆ 5ರೊಳಗೆ. ಆಮೇಲೆ ಮುಂದೆ ಕಳಿಸಬೇಡಿ.” ರಕ್ತ ಸಿಕ್ಕ ಕೂಡಲೇ “ಸಿಕ್ಕಿದೆ, ಧನ್ಯವಾದ” ಎಂದು ಅದೇ ಗ್ರೂಪುಗಳಿಗೆ ತಿಳಿಸಬೇಕು. ಇನ್‌ಸ್ಟಾಗ್ರಾಂ ಸ್ಟೋರಿ, ವಾಟ್ಸ್‌ಆ್ಯಪ್ ಸ್ಟೇಟಸ್ ಎರಡೂ 24 ತಾಸಿನಲ್ಲಿ ತಾವಾಗಿ ಮರೆಯಾಗುವುದರಿಂದ ತುರ್ತು ಕರೆಗೆ ಅವೇ ಹೊಂದುತ್ತವೆ.

ಅಪರೂಪದ ಗುಂಪು, ದೂರವಾಣಿ ಸಂಖ್ಯೆ

1952ರಲ್ಲಿ ಮುಂಬೈಯಲ್ಲಿ ಮೊದಲು ಗುರುತಿಸಿದ ಬಾಂಬೆ ರಕ್ತಗುಂಪಿನವರಿಗೆ ಒ ಗುಂಪಿನ ರಕ್ತವೂ ಆಗುವುದಿಲ್ಲ, ಅದೇ ಗುಂಪಿನವರೇ ಬೇಕು. ಇಂಥ ಕಡೆ ಸಾರ್ವಜನಿಕ ಮೊರೆಗಿಂತ ಮೊದಲೇ ಸಿದ್ಧವಿರುವ ದಾನಿಗಳ ಪಟ್ಟಿ ಜೀವ ಉಳಿಸುತ್ತದೆ. ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಷನ್ ಈ ಗುಂಪಿನ ದಾನಿಗಳನ್ನು ಜೋಡಿಸುವ ಕೆಲಸ ಮಾಡುತ್ತಾ ಬಂದಿದೆ. ಯಾವ ಗುಂಪಿನದೇ ಆಗಲಿ, ಪಟ್ಟಿಯನ್ನು ಹಾಗೆಯೇ ಗ್ರೂಪಿಗೆ ಹಾಕಬಾರದು. ಯುವತಿಯರ ಸಂಖ್ಯೆ ಹೀಗೆ ಹೊರಬಿದ್ದರೆ ಬೇಡದ ಕರೆಗಳು ಶುರುವಾಗುತ್ತವೆ, ಅವರು ಮತ್ತೆ ಹೆಸರು ಕೊಡಲು ಹಿಂಜರಿಯುತ್ತಾರೆ. ಸಂದೇಶದಲ್ಲಿ ಸಂಯೋಜಕರ ಒಂದೇ ಸಂಖ್ಯೆ ಇರಲಿ, ದಾನಿಯ ಒಪ್ಪಿಗೆ ಪಡೆದ ಮೇಲೆ ಅವರೇ ಆಸ್ಪತ್ರೆಗೆ ಸಂಪರ್ಕ ಕಲ್ಪಿಸಲಿ.