ಐದು ಮನೆ ಮಣೆಯಲ್ಲಿ ಗಟ್ಟಿ ಕಟ್ಟಬಹುದಾ?

ಚೌಕಾಬಾರ ಚೆನ್ನಾಗಿ ಬಲ್ಲ ದೊಡ್ಡೋರು ಈಗಷ್ಟೇ ಕಲೀತಿರೋ ಮಕ್ಕಳ ಜೊತೆ ಕೂತಾಗ ತಮಗೆ ಗೊತ್ತಿರೋದನ್ನೆಲ್ಲ ಆಡಬೇಕಾ, ಇಲ್ಲ ಸ್ವಲ್ಪ ಬಚ್ಚಿಟ್ಕೊಂಡು ಆಡಬೇಕಾ? ಈ ಮಳೆಗಾಲ ಪೂರ್ತಿ ನಮ್ಮ ಕುಟುಂಬದ ಹೆಂಗಸರಲ್ಲಿ ಇದೇ ಮಾತು. ಆಲೂರಿನ ದೊಡ್ಡತ್ತೆ ಒಂದು ಪಕ್ಷ: "ಆಟ ಅಂದ್ರೆ ಆಟ, ಸೋತೇ ಕಲೀಬೇಕು." ನಮ್ಮ ಓರಗಿತ್ತಿ ಇನ್ನೊಂದು ಪಕ್ಷ: "ಮಕ್ಕಳು ಮೂರು ಸಲ ಸೋತ್ರೆ ನಾಲ್ಕನೇ ಸಲ ಮೊಬೈಲ್ ಹಿಡಿತಾರೆ, ಆಮೇಲೆ ನೀವೂ ನಿಮ್ಮ ಕವಡೇನೂ." ಇಬ್ಬರ ಮಾತಲ್ಲೂ ನಿಜ ಐತೆ. ಹಂಗಾಗಿ ನಾನು ಹಿಂದಿನೋರು ಏನು ಮಾಡ್ತಿದ್ರು ಅಂತ ನೋಡೋಕೆ ಹೊರಟೆ. ನೋಡಿದ್ರೆ ಈ ಜಗಳ ನಮ್ಮಜ್ಜಿ ಕಾಲದ್ದೂ ಅಲ್ಲ, ಅವರಜ್ಜಿ ಕಾಲದ್ದೂ ಅಲ್ಲ, ಬಹಳ ಹಳೇದು.

ಮೊದಲು ಗಟ್ಟಿ ವಿಷಯ ಹೇಳಿಬಿಡ್ತೀನಿ, ಪೇಟೆ ಸೇರಿದ ಹುಡುಗೀರಿಗೆ ಮರೆತಿರಬಹುದು. ಚಿಕ್ಕ ಮಣೆ ಐದು ಮನೆದು, ಅಂದ್ರೆ ಐದೈದಲ ಇಪ್ಪತ್ತೈದು ಮನೆ. ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ರೆ ಚೌಕ, ನಾಲ್ಕೂ ಬೋರಲು ಬಿದ್ರೆ ಬಾರ, ಅಂದ್ರೆ ಎಂಟು. ಹೊರಗಿನ ಸುತ್ತು ಮುಗಿಸಿ, ಎದುರಿನೋರ ಒಂದು ಕಾಯಾದ್ರೂ ಹೊಡೆದು, ಒಳಸುತ್ತಿಗೆ ಹೋಗಿ, ನಡುಮನೇಲಿ ಹಣ್ಣಾಗಬೇಕು. ದೊಡ್ಡ ಮಣೆ ಏಳು ಮನೆದು. ಗಟ್ಟಿ ಅನ್ನೋದು ಆ ದೊಡ್ಡ ಮಣೆಯ ವಿದ್ಯೆ. ನಮ್ಮ ಎರಡು ಕಾಯಿ ಒಂದೇ ಮನೇಲಿ ಕೂತಾಗ ಅವನ್ನ ಜೋಡಿ ಕಟ್ಟೋದು. ಕಟ್ಟಿದ ಮೇಲೆ ಅವು ಒಟ್ಟಿಗೇ ನಡೀತವೆ, ಸರಿಸಂಖ್ಯೆ ಬಿದ್ದಾಗ ಅರ್ಧ ಲೆಕ್ಕ. ಒಂಟಿ ಕಾಯಿ ಗಟ್ಟಿಯನ್ನ ಮುಟ್ಟೋ ಹಂಗಿಲ್ಲ, ಗಟ್ಟಿಯನ್ನ ಗಟ್ಟಿಯೇ ಹೊಡೀಬೇಕು. ಮನೆಯಿಂದ ಮನೆಗೆ ಈ ಕಟ್ಟಳೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ. ನಾನು ಹೇಳ್ತಿರೋದು ನಮ್ಮನೆ ಲೆಕ್ಕ.

ದೊಡ್ಡತ್ತೆ ಈ ಗಟ್ಟಿಯನ್ನ ಮಕ್ಕಳ ಐದು ಮನೆ ಮಣೆಗೆ ತಂದ್ರು. ಅಷ್ಟು ಚಿಕ್ಕ ಮಣೇಲಿ ಒಂದು ಗಟ್ಟಿ ಬಂದು ಕೂತ್ರೆ ಮಕ್ಕಳು ಆ ಕಡೆಗೂ ಹೋಗೋ ಹಂಗಿಲ್ಲ, ಈ ಕಡೆಗೂ ಬರೋ ಹಂಗಿಲ್ಲ. ಜಗಳ ಶುರುವಾಗಿದ್ದೇ ಇಲ್ಲಿಂದ.

ಭಾರತದ ಕತೆ ನಮಗೆಲ್ಲ ಗೊತ್ತಿರೋದೇ. ಆದ್ರೆ ಅದನ್ನ ಈ ಕಣ್ಣಲ್ಲಿ ಒಂದ್ಸಲ ನೋಡಿ. ಸಭಾಪರ್ವದ ಜೂಜು ಏನು? ಬಲ್ಲ ಶಕುನಿ, ಆಸೆ ಮಾತ್ರ ಇದ್ದು ವಿದ್ಯೆ ಇಲ್ಲದ ಧರ್ಮರಾಯ. ಶಕುನಿ ತನಗೆ ಗೊತ್ತಿರೋದನ್ನೆಲ್ಲ ಆಡಿದ. ಆಮೇಲೆ ಕಾಡಿನಲ್ಲಿ ಬೃಹದಶ್ವ ಋಷಿ ಧರ್ಮರಾಯನಿಗೆ ನಳನ ಕತೆ ಹೇಳಿ, ಅಕ್ಷಹೃದಯ ಅನ್ನೋ ದಾಳದ ವಿದ್ಯೆಯನ್ನೇ ಕಲಿಸಿಕೊಟ್ಟ. ಅಲ್ಲಿಗೆ ಧರ್ಮರಾಯ ಪಳಗಿದ ಆಟಗಾರ ಆದ. ಮುಂದೆ ವಿರಾಟನ ಮನೇಲಿ ಕಂಕಭಟ್ಟ ಅನ್ನೋ ಹೆಸರಲ್ಲಿ ಇವನ ಕೆಲಸ ಏನು? ರಾಜನ ಜೊತೆ ದಾಳ ಆಡೋದು! ಈಗ ಬಲ್ಲೋನು ಇವನು, ಎದುರಿಗೆ ಕೂತೋನು ವಿರಾಟ. ಇವನೇನು ಸುಮ್ಮನೆ ಸೋತುಕೊಟ್ಟನಾ? ಇಲ್ಲ. ಗೆದ್ದು ಬಂದ ಹಣವನ್ನ ಗುಟ್ಟಾಗಿ ತಮ್ಮಂದಿರಿಗೆ ಹಂಚಿದ ಅಂತ ವಿರಾಟಪರ್ವದಲ್ಲೇ ಬರುತ್ತೆ. ಆದ್ರೆ ವಿರಾಟನ ರಾಜ್ಯ ಬರಿದಾಗೋ ಹಂಗೆ ಆಡಲಿಲ್ಲ ನೋಡಿ. ಅದೇ ವಿದ್ಯೆಯಲ್ಲಿ ಎಷ್ಟು ಬಳಸಬೇಕು ಅನ್ನೋ ಅಳತೆ ಇತ್ತು. ಕೊನೆಗೆ ವಿರಾಟ ದಾಳ ಎಸೆದು ಇವನ ಮೂಗಲ್ಲಿ ರಕ್ತ ಬರಿಸಿದ್ದೂ ಸೋತ ಸಿಟ್ಟಿಗಲ್ಲ, ಬೃಹನ್ನಳೆಯನ್ನ ಹೊಗಳಿದ್ದಕ್ಕೆ. ಬಯಲು ಸೀಮೇಲಿ ಮಳೆ ಬರಲಿ ಅಂತ ವಿರಾಟಪರ್ವ ಓದಿಸ್ತಾರೆ. ನಮ್ಮ ಸಕಲೇಶಪುರದೋರಿಗೆ ಆ ಕಷ್ಟ ಇಲ್ಲ, ಹಂಗಾಗಿ ನಾವು ಇಂಥದ್ದಕ್ಕಾದ್ರೂ ಓದಬೇಕು.

ರಾಜರ ಪುಸ್ತಕಗಳಲ್ಲೂ ಈ ವಿಚಾರ ಐತೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ ಮಾನಸೋಲ್ಲಾಸ ಅಂತ ಸಂಸ್ಕೃತದಲ್ಲಿ ದೊಡ್ಡ ಗ್ರಂಥ ಬರೆದ. ಅಡುಗೆಯಿಂದ ಹಿಡಿದು ಆನೆ ತನಕ ಎಲ್ಲಾ ಅದರಲ್ಲಿದೆ. ಚದುರಂಗ, ದಾಳ, ಕವಡೆ ಆಟಾನೂ ಇದೆ. ಕುಸ್ತಿ ವಿಷಯ ಹೇಳುವಾಗ ಜಟ್ಟಿಗಳನ್ನ ಮೂರು ದರ್ಜೆ ಮಾಡಿದಾನೆ: ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಳ. ಗೋವಳ ಅಂದ್ರೆ ಕೊನೇ ದರ್ಜೆ. ಕುಸ್ತೀಲಿ ಇದು ಬೇಕೇ ಬೇಕು, ಇಲ್ಲಾಂದ್ರೆ ಕೈಕಾಲು ಮುರೀತದೆ. ಮಣೆ ಆಟದಲ್ಲಿ ಮುರಿಯೋದು ಕಾಣಲ್ಲ, ಅದಕ್ಕೇ ನಾವು ದರ್ಜೆ ಮಾಡೋದನ್ನ ಮರೀತೀವಿ.

ನನಗೆ ಎಲ್ಲರಿಗಿಂತ ಹಿಡಿಸಿದ್ದು ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಐದು ವರ್ಷದ ಮಗು ಪಟ್ಟಕ್ಕೆ ಕೂತಿದ್ದು. 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ಕೊಂಡ್ರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳೋ ತನಕ ರಾಜ ಅನ್ನೋ ಹೆಸರು ಇತ್ತು, ಅಧಿಕಾರ ಇರಲಿಲ್ಲ. ನಮ್ಮ ಮಂಜ್ರಾಬಾದ್ ಸೀಮೇನೂ ಆಗ ಮೈಸೂರಿಗೇ ಸೇರಿತ್ತು. ಬೇರೆಯೋರಾಗಿದ್ರೆ ಕೊರಗಿ ಕೂರ್ತಿದ್ರೋ ಏನೋ. ಇವರು ಸಾಹಿತ್ಯ, ಸಂಗೀತ, ಚಿತ್ರದ ಜೊತೆಗೆ ಆಟದಲ್ಲಿ ಮನಸ್ಸಿಟ್ರು. ಶ್ರೀತತ್ತ್ವನಿಧಿ ಅಂತ ಅವರ ಹೆಸರಿನ ದೊಡ್ಡ ಗ್ರಂಥದಲ್ಲಿ ಒಂಬತ್ತು ನಿಧಿ ಇವೆ, ಅದರಲ್ಲಿ ಕೊನೇದು ಕೌತುಕನಿಧಿ, ಆಟಗಳದ್ದು. ಚದುರಂಗದ ಕುದುರೆ 64 ಮನೆಗೂ ಒಂದೊಂದೇ ಸಲ ಕಾಲಿಟ್ಟು ಸುತ್ತಿ ಬರೋ ಲೆಕ್ಕ ಇದೆಯಲ್ಲ, ಅದರಲ್ಲಿ ಅವರು ಎತ್ತಿದ ಕೈ.

ನಮ್ಮ ವಿಷಯಕ್ಕೆ ಬೇಕಾದ್ದು ಅವರ ಗಂಜೀಫ ಎಲೆ. ಗಂಜೀಫ ಅಂದ್ರೆ ಇಸ್ಪೀಟಿನ ಥರ, ದುಂಡನೆ ಎಲೆ, ಮೇಲೆ ದೇವರ ಚಿತ್ರ. ದಶಾವತಾರದ ಕಟ್ಟಿನಲ್ಲಿ 120 ಎಲೆ. ಮುಮ್ಮಡಿಯೋರು ಬೇರೆ ಬೇರೆ ಕಟ್ಟು ರೂಪಿಸಿದ್ರು, ಅವಕ್ಕೆ ಛದ ಅಂತ ಹೆಸರು. ಚಿಕ್ಕದು 36 ಎಲೆದು, ದೊಡ್ಡದು 360 ಎಲೆದು. ಸುಮ್ಮನೆ ಯೋಚನೆ ಮಾಡಿ, 360 ಎಲೇಲಿ ಯಾವುದು ಬಿದ್ದಿದೆ, ಯಾವುದು ಯಾರ ಕೈಲಿದೆ ಅಂತ ನೆನಪಿಟ್ಕೊಳ್ಳೋಕೆ ಎಂಥಾ ತಲೆ ಬೇಕು! ಅಂಥಾ ತಲೆ ಇದ್ದೋರು 36 ಎಲೆಯ ಆಟ ಯಾಕೆ ಇಟ್ರು? ಹೊಸಬರಿಗೆ ಅಂತ ಅವರು ಎಲ್ಲೂ ಬರೆದಿದಾರೆ ಅಂತ ನಾನು ಹೇಳ್ತಿಲ್ಲ, ಇದು ನನ್ನ ಊಹೆ. ಆದ್ರೆ ಸಂಸಾರ ಮಾಡಿದ ಯಾವ ಹೆಂಗಸಿಗೂ ಇದು ಅರ್ಥ ಆಗುತ್ತೆ. ಮಗಳಿಗೆ ಮೊದಲ ದಿನಾನೇ ನೂರು ಜನರ ಅಡುಗೆ ಕೊಡಲ್ಲ, ಚಿಕ್ಕ ಪಾತ್ರೆ ಕೊಡ್ತೀವಿ. ಬಲ್ಲೋರು ತಮ್ಮ ವಿದ್ಯೆಯನ್ನ ದೊಡ್ಡ ಕಟ್ಟಿನಲ್ಲಿ ಆಡಲಿ, ಚಿಕ್ಕ ಕಟ್ಟು ಚಿಕ್ಕದಾಗಿಯೇ ಇರಲಿ. ಎರಡೂ ಇರಬೇಕು.

ಹಂಗಂತ ನಮ್ಮ ಎಲ್ಲಾ ಆಟಕ್ಕೂ ಈ ಕರುಣೆ ಇಲ್ಲ. ಅಳಗುಳಿ ಮಣೆ ನೋಡಿ. ಏಳು ಏಳು ಹದಿನಾಲ್ಕು ಗುಳಿ, ಹುಣಸೆ ಬೀಜವೋ ಗುಲಗಂಜಿಯೋ ಹಾಕಿ ಆಡೋದು. ಅದರಲ್ಲಿ ಅದೃಷ್ಟ ಅನ್ನೋದೇ ಇಲ್ಲ, ಪೂರಾ ಲೆಕ್ಕ. ಬಲ್ಲೋರು ಕಣ್ಣಲ್ಲೇ ಎಣಿಸಿ ಗುಳಿ ಎತ್ತಿಬಿಡ್ತಾರೆ. ಸೋತೋರು ಮುಂದಿನ ಆಟಕ್ಕೆ ತಮ್ಮಲ್ಲಿ ಉಳಿದ ಬೀಜದಲ್ಲಿ ಎಷ್ಟು ಗುಳಿ ತುಂಬುತ್ತೋ ಅಷ್ಟೇ, ತುಂಬದ ಗುಳಿ ಮುಚ್ಚಿದ ಹಾಗೆ. ಅಂದ್ರೆ ಸೋತೋರಿಗೆ ಮುಂದಿನ ಆಟ ಇನ್ನೂ ಕಷ್ಟ! ಸಾಲಗಾರನ ಬಾಳಿನ ಹಾಗೆ. ಘಟ್ಟದ ಕೆಳಗೆ ತುಳುವರು ಇದನ್ನೇ ಚೆನ್ನೆಮಣೆ ಅಂತಾರೆ, ಆಟಿ ತಿಂಗಳಲ್ಲಿ ಆಡ್ತಾರೆ. ಅವರ ಸಿರಿ ಪಾಡ್ದನದಲ್ಲಿ ಅಬ್ಬಗ, ದಾರಗ ಅಂತ ಅವಳಿ ಅಕ್ಕತಂಗಿ ಬರ್ತಾರೆ. ಚೆನ್ನೆ ಆಡ್ತಾ ಮಾತಿಗೆ ಮಾತು ಬೆಳೆದು, ಒಬ್ಬಳು ಆ ಮಣೆಯಲ್ಲೇ ಇನ್ನೊಬ್ಬಳ ತಲೆಗೆ ಹೊಡೆದು ಸಾಯಿಸ್ತಾಳೆ, ಆಮೇಲೆ ತಾನೂ ಬಾವಿಗೆ ಬೀಳ್ತಾಳೆ. ಕತೇಲಿ ಅದಕ್ಕೆ ತೀರಿಸದ ಹರಕೆ, ದೈವದ ಕೋಪ ಕಾರಣ. ಆದ್ರೆ ಆ ಕೋಪ ಬಂದು ಕೂತಿದ್ದು ಆಟದ ಮಣೆ ಮೇಲೆ ಅನ್ನೋದನ್ನ ಕತೆ ಕಟ್ಟಿದ ಹೆಂಗಸರು ಸುಮ್ಮನೆ ಹೇಳಿರಲ್ಲ. ಅಕ್ಕತಂಗೀರ ಮಧ್ಯೆ ಗೆಲುವು ಸೋಲು ಏನು ಮಾಡಬಹುದು ಅಂತ ಅವರು ಕಂಡಿದ್ರು.

ಹೊರದೇಶದೋರು ಈ ಕಷ್ಟಕ್ಕೆ ಬೇರೆ ದಾರಿ ಹುಡುಕಿದ್ರು. ಜಪಾನಿನ ಗೋ ಆಟದಲ್ಲಿ ಕಲಿಯೋನಿಗೆ ಆಟಕ್ಕೆ ಮೊದಲೇ ಮಣೆ ಮೇಲೆ ಕಲ್ಲು ಇಟ್ಟುಕೊಳ್ಳೋಕೆ ಬಿಡ್ತಾರೆ, ಒಂಬತ್ತರ ತನಕ. ಆಮೇಲೆ ಗುರು ಪೂರ್ತಿ ಬಲದಲ್ಲೇ ಆಡ್ತಾನೆ. ಚೆಸ್‌ನಲ್ಲೂ ಬಲ್ಲೋರು ಒಂದು ಕಾಯಿ ತೆಗೆದಿಟ್ಟು ಆಡೋ ಪದ್ಧತಿ ಬಹಳ ಹಳೇದು. ಅಮೆರಿಕದ ಪಾಲ್ ಮಾರ್ಫಿ 1859ರಲ್ಲಿ ಯಾರೇ ಬಂದ್ರೂ ಒಂದು ಪದಾತಿ, ಮೇಲೆ ಮೊದಲ ನಡೆ ಬಿಟ್ಟುಕೊಟ್ಟು ಆಡ್ತೀನಿ ಅಂದ. ಯಾರೂ ಬರಲಿಲ್ಲ! ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಕೊಡೋದನ್ನ ಆಟಕ್ಕೆ ಮೊದಲೇ, ಎಲ್ಲರ ಕಣ್ಣೆದುರು ಕೊಡ್ತಾರೆ. ಆಟದ ನಡುವೆ ಕದ್ದು ಸೋಲೋದಿಲ್ಲ.

ಬೆಂಗಳೂರಲ್ಲಿರೋ ತಂಗಿ ಮಗನ ಹತ್ರ ಈ ಮಾತು ಬಂದಾಗ ಅವನು ನಕ್ಕ. "ದೊಡ್ಡಮ್ಮ, ಕಂಪ್ಯೂಟರ್ ಆಟದಲ್ಲಿ ನಾವೂ ಇದಕ್ಕೇ ಜಗಳ ಆಡ್ತೀವಿ" ಅಂದ. ಫೈನಲ್ ಫ್ಯಾಂಟಸಿ 14 ಅಂತ ಒಂದು ಆಟ, 2013ರಲ್ಲಿ ಹೊಸ ರೂಪದಲ್ಲಿ ಬಂತಂತೆ. ಪಳಗಿದೋರು ಹೊಸಬರ ಗುಹೆಗೆ ಜೊತೆಯಾಗಿ ಹೋದ್ರೆ, ಆಟವೇ ಅವರ ಬಲವನ್ನ ಆ ಗುಹೆಯ ಮಟ್ಟಕ್ಕೆ ಇಳಿಸಿಬಿಡುತ್ತೆ. ಆಮೇಲೆ ಕಲಿತ ವಿದ್ಯೆ ಅಲ್ಲಿ ಕೆಲಸ ಮಾಡಲ್ಲ. ಪಳಗಿದೋರಿಗೆ ಕೈ ಕಟ್ಟಿಹಾಕಿದಂಗೆ ಬೇಜಾರು. ಆದ್ರೆ ಬಿಟ್ರೆ ಅವರೇ ಎಲ್ಲಾ ಹೊಡೆದುಹಾಕ್ತಾರೆ, ಹೊಸಬ ಹಿಂದೆ ಓಡಿಕೊಂಡು ಹೋಗಿ ಏನೂ ಕಲೀದೇ ಹೊರಗೆ ಬರ್ತಾನೆ. 2004ರ ಸಿಟಿ ಆಫ್ ಹೀರೋಸ್ ಅನ್ನೋ ಆಟದಲ್ಲಿ ಇದಕ್ಕೆ ತಿರುಗಾಮುರುಗಾ ಮಾಡಿದ್ರಂತೆ, ಹೊಸಬನ ಬಲವನ್ನೇ ಜೊತೆಗಾರನ ಹತ್ರಕ್ಕೆ ಏರಿಸೋದು. ಕೇಳಿ ನನಗೆ ಆಶ್ಚರ್ಯ ಆಯ್ತು. ಇದನ್ನೇ ನಮ್ಮಜ್ಜಿ ಕಾಫಿ ಕಣದ ಪಕ್ಕ ಚಾಪೆ ಹಾಸ್ಕೊಂಡು ಮಾಡ್ತಿದ್ರಲ್ಲ!

ಅಜ್ಜಿ ಹೆಂಗೆ ಮಾಡ್ತಿದ್ರು ಅಂದ್ರೆ, ತೀರಾ ಚಿಕ್ಕೋರನ್ನ "ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂತ ಕೂರಿಸೋರು. ಇದು ಒಂದು ವರ್ಷಕ್ಕೆ ಸರಿ, ಆಮೇಲೆ ಮಗುಗೇ ಅವಮಾನ ಅನ್ನಿಸೋಕೆ ಶುರುವಾಗುತ್ತೆ. ಆಗ ಎರಡನೇ ಮೆಟ್ಟಿಲು: ಚಿಕ್ಕೋರ ಒಂದು ಕಾಯಿ ಆಟಕ್ಕೆ ಮೊದಲೇ ಹಣ್ಣು. ಕಾಯಿ ಹೊಡೀದೇ ಇದ್ರೂ ಒಳಸುತ್ತಿಗೆ ಹೋಗಬಹುದು, ಅಜ್ಜಿ ಮಾತ್ರ ಎರಡು ಹೊಡೆದು ಹೋಗಬೇಕು. (ಚೆಸ್ ಥರ ಅಜ್ಜಿ ಕಾಯಿ ಕಮ್ಮಿ ಮಾಡಿದ್ರೆ ಇಲ್ಲಿ ಅಜ್ಜಿಗೇ ಲಾಭ, ಬೇಗ ಹಣ್ಣಾಗಿಬಿಡ್ತಾರೆ!) ಅಷ್ಟು ಕೊಟ್ಟ ಮೇಲೆ ಅಜ್ಜಿ ಒಂದು ಕಾಯೀನೂ ಬಿಡ್ತಿರಲಿಲ್ಲ, ಅಳ್ತಿದ್ರೂ ಹೊಡೆಯೋರು. ಮಗು ಯಾರೂ ಹೇಳಿಕೊಡದೆ ತಾನೇ ನೋಡಿ ಅಜ್ಜಿ ಕಾಯಿ ಹೊಡೆದ ದಿನ ಆ ಹಣ್ಣು ವಾಪಸ್. ನಮಗೆ ಅದು ಶಿಕ್ಷೆ ಅಂತ ಅನ್ನಿಸ್ತಿರಲಿಲ್ಲ, ದೊಡ್ಡೋರಾದ ಹಾಗೆ ಇರ್ತಿತ್ತು. ಗಟ್ಟಿ ಮಾತ್ರ ಐದು ಮನೇಲಿ ಯಾವತ್ತೂ ಇಲ್ಲ. ಗಟ್ಟಿ ಬೇಕು ಅಂದ್ರೆ ಏಳು ಮನೆಗೆ ಬಾ.

ಓರಗಿತ್ತಿ ಹೇಳೋ ಹಂಗೆ ಗೊತ್ತಾಗದಂಗೆ ಸೋತುಕೊಡೋದು ನನಗೆ ಸರಿ ಕಾಣಲ್ಲ. ಮಕ್ಕಳಿಗೆ ಗೊತ್ತಾಗೇ ಆಗುತ್ತೆ. ಗೊತ್ತಾದ ದಿನ ಅವರು ಹಿಂದಿನ ಗೆಲುವನ್ನೂ ಲೆಕ್ಕಕ್ಕೆ ಹಿಡಿಯಲ್ಲ. ದೊಡ್ಡತ್ತೆ ಥರ ಐದು ಮನೇಲಿ ಗಟ್ಟಿ ಕಟ್ಟೋದೂ ಬೇಡ. ಆದ್ರೆ ಅವರ ಬೇಸರವೂ ಸುಳ್ಳಲ್ಲ. ಎಪ್ಪತ್ತು ವರ್ಷದಿಂದ ಪಳಗಿದ ಕೈ, ಆಡೋಕೆ ಜೊತೆ ಇಲ್ಲ. ಗಟ್ಟಿ ಆಟ ಪೂರಾ ಬಲ್ಲೋರು ನಮ್ಮ ಕುಟುಂಬದಲ್ಲಿ ಈಗ ನಾಲ್ಕೇ ಜನ, ಮೂವರಿಗೆ ಎಪ್ಪತ್ತು ದಾಟಿದೆ. ಆ ವಿದ್ಯೆಗೆ ಜಾಗ ಇಲ್ಲದೆ ಅದು ಮಕ್ಕಳ ಮಣೆಗೆ ಬಂದು ಬಿದ್ದಿದೆ ಅಷ್ಟೇ.

ಅದಕ್ಕೆ ಗೌರಿ ಹಬ್ಬಕ್ಕೆ ಎಲ್ಲರೂ ಸೇರಿದಾಗ ಎರಡು ಮಣೆ ಹಾಕೋದು ಅಂತ ಮಾತಾಗಿದೆ. ಮಧ್ಯಾಹ್ನ ಐದು ಮನೆ, ಅಜ್ಜಿ ಕಟ್ಟಳೆಯಲ್ಲಿ. ರಾತ್ರಿ ಊಟ ಆದ ಮೇಲೆ ಹಜಾರದಲ್ಲಿ ಏಳು ಮನೆ, ಆ ನಾಲ್ಕು ಜನ ಆಡೋದು, ಮಕ್ಕಳು ಸುತ್ತ ಕೂತು ನೋಡೋದು. ಏಳು ಮನೆಗೆ ಆರು ಕವಡೆ ಬೇಕು, ನಮ್ಮಲ್ಲಿ ನಾಲ್ಕೇ ಉಳಿದಿರೋದು. ಯಾರ ಮನೆ ಅಟ್ಟದಲ್ಲಾದ್ರೂ ಹಳೇ ಕವಡೆ ಇದ್ರೆ ತನ್ನಿ, ಇಲ್ಲಾಂದ್ರೆ ಹುಣಸೆ ಬೀಜಾನೇ ಒಂದು ಕಡೆ ಕಲ್ಲಿಗೆ ತೇದು ಬೆಳ್ಳಗೆ ಮಾಡಿ ಇಟ್ಟಿರ್ತೀನಿ.