ಡಾರ್ಟ್‌ಮತ್ ಕಾಲೇಜಿನ ಈಜು ತಂಡ: ಒಂದು ಲೆಕ್ಕದ ಚರಿತ್ರೆ

ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಹ್ಯಾನೋವರ್ ಎಂಬ ಊರಿನಲ್ಲಿ, 1769ರಲ್ಲಿ ಸನ್ನದು ಪಡೆದ ಡಾರ್ಟ್‌ಮತ್ ಕಾಲೇಜು ಉಂಟು. ಪ್ರಾಂತ ಸರಕಾರವು ಅದನ್ನು ತನ್ನ ಕೈವಶ ಮಾಡಿಕೊಳ್ಳಹೊರಟಾಗ, ಹಳೆಯ ವಿದ್ಯಾರ್ಥಿ ಡೇನಿಯಲ್ ವೆಬ್‌ಸ್ಟರನು 1818ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ, ಕಾಲೇಜು ಚಿಕ್ಕದೇ ಸರಿ, ಆದರೂ ಅದನ್ನು ಪ್ರೀತಿಸುವವರಿದ್ದಾರೆ ಎಂದು ಗದ್ಗದಿತನಾಗಿ ವಾದಿಸಿದನೆಂದು ಪ್ರತೀತಿ. ಮರುವರ್ಷ ಕಾಲೇಜೇ ಗೆದ್ದಿತು. ಆ ಪ್ರೀತಿಯನ್ನು ರೂಪಾಯಿ ಆಣೆಗಳಲ್ಲಿ ಅಳೆಯುವ ಪ್ರಸಂಗವು 2002ರಲ್ಲಿ ಒದಗಿತು. ಈ ಸಲ ಕುತ್ತು ಬಂದದ್ದು ಕಾಲೇಜಿಗಲ್ಲ, ಅದರ ಈಜು ತಂಡಗಳಿಗೆ.

ಡಾರ್ಟ್‌ಮತ್ ಸೇರಿರುವ ಐವಿ ಲೀಗ್ ಎಂಬ ಎಂಟು ಸಂಸ್ಥೆಗಳ ಕೂಟದಲ್ಲಿ, ಆಟಗಾರನೆಂಬ ಕಾರಣಕ್ಕಾಗಿ ವಿದ್ಯಾರ್ಥಿವೇತನ ಕೊಡುವ ಪದ್ಧತಿಯಿಲ್ಲ. ಆದಕಾರಣ ಈಜು ತಂಡದ ಖರ್ಚೆಂದರೆ ಮುಖ್ಯವಾಗಿ ತರಬೇತುದಾರರ ಸಂಬಳ ಮತ್ತು ಪಂದ್ಯಗಳಿಗೆ ಹೋಗಿಬರುವ ವೆಚ್ಚ. ಕೊಳದ ನೀರನ್ನು ಬೆಚ್ಚಗಿಡುವ ಖರ್ಚು ತಂಡವಿದ್ದರೂ ಇಲ್ಲದಿದ್ದರೂ ತಪ್ಪಿದ್ದಲ್ಲ. ಉಳಿದ ವಿದ್ಯಾರ್ಥಿಗಳೂ ಈಜಬೇಕಷ್ಟೆ. ಆದರೆ ಈಜು ನೋಡಲು ಟಿಕೆಟು ಕೊಂಡು ನೆರೆಯುವವರು ಕಡಮೆ. ಆಯವ್ಯಯ ಪತ್ರಿಕೆಯಲ್ಲಿ ಇಂಥ ಆಟದ ಹೆಸರು ವ್ಯಯದ ಕಡೆಗೇ ಕಾಣುವುದು.

2002ರ ನವೆಂಬರಿನಲ್ಲಿ ಕಾಲೇಜು, ಗಂಡಸರ ಮತ್ತು ಹೆಂಗಸರ ಈಜು ತಂಡಗಳೆರಡನ್ನೂ ನಿಲ್ಲಿಸುವುದಾಗಿ ಸಾರಿತು. ವರ್ಷಕ್ಕೆ ಉಳಿಯುವುದೆಂದು ಹೇಳಿದ ಮೊಬಲಗು 2,12,000 ಡಾಲರು. ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. ಈಬೇ ಎಂಬ ಹರಾಜುಕಟ್ಟೆಯಲ್ಲಿ ಇಡೀ ತಂಡವನ್ನೇ ಮಾರಾಟಕ್ಕಿಟ್ಟರು! ಈ ವಿನೋದದಿಂದ ಸುದ್ದಿ ದೇಶದ ತುಂಬ ಹಬ್ಬಿತು. ಹಳೆಯ ವಿದ್ಯಾರ್ಥಿಗಳೂ ತಾಯಿತಂದೆಗಳೂ ಸೇರಿ ಹತ್ತು ವರ್ಷಗಳಿಗೆಂದು 20 ಲಕ್ಷ ಡಾಲರಿನ ವಾಗ್ದಾನ ಮಾಡಿದರು. 2003ರ ಜನವರಿಯಲ್ಲಿ ತಂಡಗಳು ಉಳಿದುಕೊಂಡವು.

ಭಾಗಿಸಿ ನೋಡಿದರೆ ಇದು ವರ್ಷಕ್ಕೆ ಎರಡು ಲಕ್ಷ, ಹೆಚ್ಚುಕಡಮೆ ಕೊರತೆಯಷ್ಟೇ. ಬಡ್ಡಿಯಿಂದ ನಡೆಯುವ ದತ್ತಿನಿಧಿ ಬೇರೆ, ವರ್ಷವರ್ಷವೂ ತೀರಿಹೋಗುವ ವಂತಿಗೆ ಬೇರೆ. ಈ ಅಂತರವನ್ನು ನಮ್ಮ ಸಂಘದ ಖಜಾಂಚಿಗಳಿಗೆ ವಿವರಿಸಬೇಕಾಗಿಲ್ಲ. ದಾನಿಗಳು ಕೊಂಡದ್ದು ಹತ್ತು ವರ್ಷದ ವಾಯಿದೆಯನ್ನು.

2020ರ ಜುಲೈಯಲ್ಲಿ, ಕೊರೋನಾ ಪಿಡುಗಿನ ನಡುವೆ, ಕಾಲೇಜು ಐದು ತಂಡಗಳನ್ನು ರದ್ದುಮಾಡಿತು. ಎರಡು ಈಜಿನವು, ಎರಡು ಗಾಲ್ಫಿನವು, ಒಂದು ದೋಣಿ ಹುಟ್ಟುಹಾಕುವವರದು. ಗಾಲ್ಫ್ ಮೈದಾನವನ್ನೂ ಮುಚ್ಚಿತು. ಹಣದ ಮುಗ್ಗಟ್ಟು ಇದ್ದೇ ಇದ್ದಿತು; ಆದರೆ ಇನ್ನೊಂದು ಕಾರಣವನ್ನೂ ಕೊಟ್ಟಿದ್ದರು. ಪ್ರವೇಶದ ಸ್ಥಾನಗಳಲ್ಲಿ ಆಟಗಾರರಿಗೆಂದು ಆರಿಸಿಕೊಳ್ಳುವ ಸಂಖ್ಯೆ ನೂರಕ್ಕೆ ಹತ್ತರಷ್ಟು ಇಳಿಯಬೇಕಾಗಿದ್ದಿತು. ಹಣವಾದರೆ ಚಂದಾ ಎತ್ತಬಹುದು. ಸ್ಥಾನಗಳಿಗೆ ಚಂದಾ ಎತ್ತುವುದು ಹೇಗೆ?

ಈ ಸಲ ಕೈಹಿಡಿದದ್ದು ಕಾನೂನು. 1972ರ ಟೈಟಲ್ ನೈನ್ ಶಾಸನವು ವಿದ್ಯಾಸಂಸ್ಥೆಗಳಲ್ಲಿ ಹೆಣ್ಣುಮಕ್ಕಳಿಗೆ ಆಟದಲ್ಲಿಯೂ ಸಮಾನ ಅವಕಾಶವನ್ನು ಕಡ್ಡಾಯ ಮಾಡಿದೆ. ಡಾರ್ಟ್‌ಮತ್ ಹೆಣ್ಣುಮಕ್ಕಳನ್ನು ಪದವಿಗೆ ಸೇರಿಸಿಕೊಳ್ಳತೊಡಗಿದ್ದೂ ಅದೇ ವರ್ಷ. ತಂಡಗಳನ್ನು ತೆಗೆದ ಮೇಲೆಯೂ ಶಾಸನ ಪಾಲನೆಯಾಗುವುದೆಂದು ತೋರಿಸಲು ಬಳಸಿದ ಅಂಕಿಗಳು ಅಪೂರ್ಣವಾಗಿದ್ದಿರಬಹುದೆಂದು ಕಾಲೇಜು ಒಪ್ಪಿ, 2021ರ ಜನವರಿಯಲ್ಲಿ ಐದನ್ನೂ ಮರಳಿ ತಂದಿತು.

ಕಾಗದದ ಮೇಲೆ ತಂಡ ಮರಳುವುದು ಒಂದು ದಿನದ ಕೆಲಸ. ಆ ಆರು ತಿಂಗಳಲ್ಲಿ ಹೊಸ ಈಜುಗಾರರ ಆಯ್ಕೆ ನಿಂತುಹೋಗಿದ್ದಿತು. ಮುಖ್ಯ ತರಬೇತುದಾರರನ್ನು ಹೊಸದಾಗಿ ಹುಡುಕಬೇಕಾಯಿತು. ಕೊಳದಲ್ಲಿ ಮಾತ್ರ ನೀರು ಇದ್ದೇ ಇದ್ದಿತು.